ಪಟ್ಟಿಯಲ್ಲಿ ಮೊದಲ ಹೆಸರು

ಶನಿವಾರ ಬಂತೆಂದರೆ ಈಗ ನನಗೆ ಮೈ ಭಾರವಾಗುತ್ತದೆ. ಮೊದಲು ಹಾಗಿರಲಿಲ್ಲ. ಶನಿವಾರ ನಮ್ಮದು ಬೆಳಗಿನ ಶಾಲೆ. ಹನ್ನೊಂದಕ್ಕೆ ಗಂಟೆ ಬಾರಿಸಿದ್ದೇ ತಡ, ಉಳಿದ ಮಾಸ್ತರರೆಲ್ಲ ಬೈಕ್ ಹತ್ತಿ ಜತ್ತಕ್ಕೋ ಸಂಖಕ್ಕೋ ಹೊರಟುಬಿಡುತ್ತಾರೆ. ನಾನೊಬ್ಬಳು ಕೊರಳಿಗೆ ಸೀಟಿ ಹಾಕಿಕೊಂಡು ಅಂಗಳದ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುತ್ತೇನೆ. ಇಪ್ಪತ್ತಾರು ವರ್ಷದಿಂದ ಹೀಗೇ ನಿಂತಿದ್ದೇನೆ. ಆಗ ಆ ಗಿಡದ ನೆರಳು ನಮ್ಮ ಹುಡುಗಿಯರಿಗೆ ಸಾಲುತ್ತಿರಲಿಲ್ಲ, ಅರ್ಧ ಜನ ಬಿಸಿಲಿನಲ್ಲೇ ನಿಲ್ಲುತ್ತಿದ್ದರು. ಈಗ ನೆರಳೇ ಉಳಿಯುತ್ತದೆ.

ನಾನು ಮಹಾರಾಷ್ಟ್ರದ ಜತ್ತ ತಾಲೂಕಿನ ಪೂರ್ವ ಭಾಗದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಪಾಠದ ಜೊತೆಗೆ ಹುಡುಗಿಯರ ಗೈಡ್ ದಳವೂ ನನ್ನ ಪಾಲಿಗೆ ಬಂದದ್ದು. ಗೈಡ್ ಎಂಬ ಶಬ್ದ ನಮ್ಮೂರಿನವರ ಬಾಯಿಗೆ ಇವತ್ತಿಗೂ ಬಂದಿಲ್ಲ. ಹುಡುಗರದ್ದಾಗಲಿ ಹುಡುಗಿಯರದ್ದಾಗಲಿ, ಅವರಿಗೆ ಎಲ್ಲವೂ ಸ್ಕೌಟೇ. ಹುಡುಗರ ದಳ ಮೂರು ವರ್ಷದ ಹಿಂದೆ ಮುಚ್ಚಿತು. ಅದನ್ನು ನಡೆಸುತ್ತಿದ್ದ ಮಾಸ್ತರರಿಗೆ ಬದಲಿಯಾಯಿತು, ಅವರ ಜಾಗಕ್ಕೆ ಬಂದವರು ಮೊದಲ ದಿನವೇ "ಈ ಸೀಟಿ-ಲಾಠಿ ಉಸಾಬರಿ ನನಗ ಬ್ಯಾಡ್ರಿ" ಎಂದು ಕೈ ತೊಳೆದುಕೊಂಡರು. ಅವರನ್ನು ಬೈದುಕೊಂಡೆ. ಈಗ ಬೈಯುವುದಿಲ್ಲ, ಪುಣ್ಯಾತ್ಮ ಮೊದಲೇ ಬಿಡಿಸಿಕೊಂಡ.

ದಳ ಹೇಗೆ ಕರಗಿತು ಎಂದು ಕೇಳಿದರೆ ಒಂದೇ ಕಾರಣ ಹೇಳಲು ಬರುವುದಿಲ್ಲ. ಬೆಳಿಗ್ಗೆ ಇಂಗ್ಲಿಷ್ ಶಾಲೆಯ ಹಳದಿ ಬಸ್ಸು ಊರ ಅಗಸಿ ಬಾಗಿಲಿಗೆ ಬಂದು ಹಾರ್ನ್ ಹೊಡೆಯುತ್ತದೆ, ನಮ್ಮ ಶಾಲೆಗೆ ಬರಬೇಕಾದ ಅರ್ಧ ಮಕ್ಕಳು ಅದನ್ನು ಹತ್ತುತ್ತಾರೆ. ಉಳಿದವರಲ್ಲಿ ಕೆಲವರ ತಾಯಂದಿರಿಗೆ ಶನಿವಾರ ಮಗಳು ಮನೆಗೆ ಲಗೂನ ಬಂದರೆ ಕೆಲಸಕ್ಕಾಗುತ್ತಾಳೆ. ಇನ್ನು ಕೆಲವರು ನೇರವಾಗಿಯೇ ಕೇಳುತ್ತಾರೆ, "ಇದರಿಂದ ಮಾರ್ಕ್ಸ್ ಬರ್ತಾವೇನ್ರಿ ಬಾಯಾರ?" ಬಾಯಾರ ಎಂದರೆ ನಾನು, ನಮ್ಮ ಕಡೆ ಶಿಕ್ಷಕಿಯರನ್ನು ಕರೆಯುವುದೇ ಹಾಗೆ. ಬರುವುದಿಲ್ಲ ಎನ್ನುತ್ತೇನೆ. "ಮತ್ತ?" ಎನ್ನುತ್ತಾರೆ. ಆ 'ಮತ್ತ'ಕ್ಕೆ ಇಪ್ಪತ್ತಾರು ವರ್ಷದಲ್ಲಿ ಒಂದು ಚಲೋ ಉತ್ತರ ಹುಡುಕಲು ನನ್ನಿಂದ ಆಗಿಲ್ಲ.

ದುಡ್ಡಿನ ಕಥೆಯೂ ಅಷ್ಟೇ. ನಮ್ಮಲ್ಲಿ ಖರಿ ಕಮಾಯಿ ಎಂಬ ಒಂದು ಪದ್ಧತಿ. ವರ್ಷಕ್ಕೆ ಒಂದು ವಾರ ಮಕ್ಕಳು ಮನೆಮನೆಗೆ ಹೋಗಿ ಏನಾದರೂ ಕೆಲಸ ಮಾಡಿಕೊಟ್ಟು, ಅವರು ಕೊಟ್ಟಷ್ಟು ತಂದು ದಳದ ಡಬ್ಬಿಗೆ ಹಾಕಬೇಕು. ಮೊದಲು ಜನ ಕರೆದು ಕೆಲಸ ಕೊಡುತ್ತಿದ್ದರು. ಜೋಳ ಹಸನು ಮಾಡಿಸುತ್ತಿದ್ದರು, ಅಂಗಳ ಬಳಿಸುತ್ತಿದ್ದರು, ಮೇಲೆ ಒಂದು ಹಿಡಿ ಶೇಂಗಾ ಬೇರೆ. ಹೋದ ವರ್ಷ ಹುಡುಗಿಯರು ಒಂದು ಅಂಗಡಿಯ ಮುಂದೆ ಕಸ ಗುಡಿಸಿ ನಿಂತರೆ ಆತ ಫೋನ್ ಹೊರಗೆ ತೆಗೆದು, "ಸ್ಕ್ಯಾನರ್ ಎಲ್ಲೈತಿ?" ಎಂದು ಕೇಳಿದ. ಸ್ಕ್ಯಾನರ್ ಇಲ್ಲವೆಂದರೆ ಚಿಲ್ಲರೆಯೂ ಇಲ್ಲವಂತೆ. ಹುಡುಗಿಯರು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ಡೇರೆಗೆ ನಾಲ್ಕು ಕಡೆ ತೂತು ಬಿದ್ದಿತ್ತು, ಧ್ವಜದ ಹಗ್ಗ ಸವೆದುಹೋಗಿತ್ತು, ಎರಡು ವರ್ಷದ ನೋಂದಣಿ ಶುಲ್ಕ ಬಾಕಿ ಇತ್ತು.

ಆಗ ಗೈಡ್ ಸಂಸ್ಥೆಯ ಜಿಲ್ಲಾ ಕಚೇರಿಯಿಂದ ಮರಾಠಿಯಲ್ಲಿ ಒಂದು ಪತ್ರ ಬಂತು. ತಿಂಗಳ ಕೊನೆಯೊಳಗೆ ಕನಿಷ್ಠ ಹನ್ನೆರಡು ಹುಡುಗಿಯರ ಪಟ್ಟಿ ಮತ್ತು ಬಾಕಿ ಶುಲ್ಕ ಕಳಿಸದಿದ್ದರೆ ದಳದ ನೋಂದಣಿ ರದ್ದು. ಸಿಟ್ಟಿನಿಂದ ಫೋನ್ ಮಾಡಿದೆ. ಆ ಕಡೆಯ ಗುಮಾಸ್ತರು ನನಗಿಂತ ದಣಿದ ದನಿಯಲ್ಲಿ, ನಮ್ಮ ಕಚೇರಿಯ ಕರೆಂಟ್ ಬಿಲ್ ತುಂಬುವುದೇ ಕಷ್ಟವಾಗಿದೆ ಬಾಯಿ, ತಾಲೂಕಿನಲ್ಲಿ ಅರ್ಧ ದಳಗಳು ಹೆಸರಿಗೆ ಮಾತ್ರ ಉಳಿದಿವೆ, ನಾನಾದರೂ ಏನು ಮಾಡಲಿ ಎಂದರು. ಅವರ ಮೇಲೆ ಸಿಟ್ಟು ಮಾಡುವುದೂ ಆಗಲಿಲ್ಲ. ನಮ್ಮ ಪಟ್ಟಿಯಲ್ಲಿ ಆಗ ಇದ್ದದ್ದು ಒಂಬತ್ತು ಹೆಸರು.

ನಿಜ ಹೇಳಬೇಕೆಂದರೆ ದಳ ಮುಚ್ಚಿದರೆ ಮುಚ್ಚಲಿ ಎಂದು ನನಗೂ ಅನಿಸಿತ್ತು. ಮೊಣಕಾಲು ನೋಯುತ್ತವೆ, ನಿವೃತ್ತಿಗೆ ಹೆಚ್ಚು ವರ್ಷ ಉಳಿದಿಲ್ಲ. ಆದರೆ ಪಟ್ಟಿಯಲ್ಲಿ ಮೊದಲ ಹೆಸರಿನ ಹುಡುಗಿ ಇದ್ದಳಲ್ಲ, ಅವಳು ನನ್ನನ್ನು ಬಿಡಲಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿ ಓದುವವಳು, ದಳದ ನಾಯಕಿ. ಐದನೆಯದರಿಂದ ಒಂದು ಶನಿವಾರವೂ ತಪ್ಪಿಸಿದವಳಲ್ಲ. ಗಂಟು ಹಾಕುವುದರಲ್ಲಿ ನನ್ನನ್ನೇ ಮೀರಿಸಿದ್ದಳು. ನಾನು ಕಣ್ಣಿಂದ ನೋಡಿ ಹಾಕುವುದನ್ನು ಅವಳು ಬೆನ್ನ ಹಿಂದೆ ಕೈ ಇಟ್ಟುಕೊಂಡು ಹಾಕುತ್ತಿದ್ದಳು. ಒಂದೊಂದೇ ಹಂತದ ಪರೀಕ್ಷೆ ಮುಗಿಸಿಕೊಂಡು ಬಂದಿದ್ದಳು, ಆ ಚಳಿಗಾಲದಲ್ಲಿ ರಾಜ್ಯಮಟ್ಟದ ಪ್ರಶಸ್ತಿಯ ಪರೀಕ್ಷೆಗೆ ಕೂರಬೇಕಿತ್ತು. ನೋಂದಣಿ ಇಲ್ಲದ ದಳದವರನ್ನು ಅದಕ್ಕೆ ಕೂರಿಸುವುದಿಲ್ಲ.

"ಬಾಯಾರ, ದಳ ಬಂದಾತಂದ್ರ ನನ್ನ ಪರೀಕ್ಷೆ?" ಎಂದಳು.

"ನೋಡೋಣು," ಎಂದೆ.

"ನೋಡೋಣು ಅನ್ನಬ್ಯಾಡ್ರಿ. ನೀವು ನೋಡೋಣು ಅಂದಿದ್ದು ಯಾವುದೂ ಆಗಿಲ್ಲ."

ಮೂಗು ಕೆಂಪಗೆ ಮಾಡಿಕೊಂಡು ನನಗೇ ತಿರುಗಿ ಹೇಳುತ್ತಿದ್ದಳು. ಅವಳ ತಾಯಿ ಊರ ಸಾವಕಾರರ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಆರಿಸುವ ಕೆಲಸಕ್ಕೆ ಹೋಗುತ್ತಾಳೆ. ಅವರ ಕೇರಿಯ ಎಲ್ಲ ಮನೆಗಳಂತೆ ಗೋಡೆಗೆ ಒಂದು ಬುದ್ಧನ ಫೋಟೋ, ಅದರ ಪಕ್ಕ ಮಗಳ ಸ್ಕೌಟ್ ಸರ್ಟಿಫಿಕೇಟುಗಳು ಸಾಲಾಗಿ. ಮುಂದಿನದಕ್ಕೆಂದು ತಾಯಿ ಒಂದು ಮೊಳೆ ಮೊದಲೇ ಹೊಡೆದಿಟ್ಟಿದ್ದಳು. ಆ ಖಾಲಿ ಮೊಳೆ ನಾನು ನೋಡಿದ್ದೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಸ್ಕೌಟ್-ಗೈಡಿನವರು ಒಬ್ಬರಿಗೊಬ್ಬರು ಕೈ ಕೊಡುವುದು ಎಡಗೈಯಿಂದ. ಬಲಗೈಯಲ್ಲಿ ಮೂರು ಬೆರಳು ಎತ್ತಿ ವಂದನೆ, ಆಮೇಲೆ ಎಡಗೈ. ಹಿಂದಿನ ಕಾಲದ ಸೈನಿಕರು ಎಡಗೈಯಲ್ಲಿ ಗುರಾಣಿ ಹಿಡಿಯುತ್ತಿದ್ದರಂತೆ. ಪೂರಾ ನಂಬಿಕೆ ಇದ್ದವರ ಎದುರು ಮಾತ್ರ ಆ ಗುರಾಣಿ ಕೆಳಗಿಟ್ಟು ಕೈ ಕೊಡುತ್ತಿದ್ದರಂತೆ. ದಳಕ್ಕೆ ಹೊಸಬರು ಬಂದಾಗಲೆಲ್ಲ ಈ ಕಥೆ ಹೇಳುತ್ತೇನೆ. ನಾನೇ ಸಣ್ಣವಳಿದ್ದಾಗ, ವಳಸಂಗದ ಶಾಲೆಯಲ್ಲಿ ಇದನ್ನು ಕಲಿತು ಮನೆಗೆ ಬಂದು ಎಡಗೈ ಚಾಚಿದ್ದಕ್ಕೆ ನಮ್ಮಪ್ಪ ಬಡಿಯಲು ಎದ್ದಿದ್ದರು. ಅಡ್ಡ ಬಂದವಳು ಅಜ್ಜಿ. "ನಾ ದಿನಾ ಮುಂಜಾನೆ ಲಿಂಗಪ್ಪನ್ನ ಯಾವ ಕೈಯಾಗ ಕುಂದ್ರಿಸಿಕೊಂಡು ಪೂಜಿ ಮಾಡ್ತೀನಿ? ಎಡಗೈಯಾಗ ಹೌದಲ್ಲೋ? ಶಿವ ಕುಂದ್ರು ಕೈ ಮನಶಾರಿಗೆ ಕೊಟ್ರ ಹ್ಯಾಂಗ ಮೈಲಿಗಿ ಆಗ್ತೈತೋ?" ಎಂದಳು. ಅಪ್ಪ ಎತ್ತಿದ ಕೈ ಇಳಿಸಿದರು. ಗುರಾಣಿಯ ಕಥೆಗಿಂತ ಅಜ್ಜಿಯ ಮಾತೇ ನನಗೆ ಹೆಚ್ಚು ಹಿಡಿಸಿತ್ತು, ಅದನ್ನೂ ಹುಡುಗಿಯರಿಗೆ ಹೇಳುತ್ತಿದ್ದೆ. ನಾಯಕಿ ಹುಡುಗಿಯಂತೂ ಪ್ರತಿ ಶನಿವಾರ ಹೋಗುವಾಗ ಎಡಗೈ ಕೊಟ್ಟೇ ಹೋಗುತ್ತಿದ್ದಳು. ಗಟ್ಟಿ ಹಿಡಿತ, ಬೆರಳು ನೋಯುವಂತೆ.

ಮೂರು ಹೆಸರು ಹುಡುಕಲು ನಾವಿಬ್ಬರೂ ಮನೆಮನೆ ತಿರುಗಿದೆವು. ಅವಳು ಸಮವಸ್ತ್ರ ಹಾಕಿಕೊಂಡು ಮುಂದೆ, ನಾನು ಛತ್ರಿ ಹಿಡಿದು ಹಿಂದೆ. ಒಂದು ಮನೆಯಲ್ಲಿ ಚಹಾ ಕೊಟ್ಟರು, ಹುಡುಗಿಯನ್ನು ಕೊಡಲಿಲ್ಲ. ಇನ್ನೊಂದು ಮನೆಯಲ್ಲಿ "ಡ್ರೆಸ್ ಯಾರ ಹೊಲಸ್ತಾರ?" ಎಂದರು, ನಾನೇ ಹೊಲಿಸುತ್ತೇನೆ ಎಂದ ಮೇಲೆ ಒಂದು ಹೆಸರು ಸಿಕ್ಕಿತು. ಹತ್ತಾಯಿತು. ಅಷ್ಟರಲ್ಲಿ ಸಾವಕಾರರಿಂದ ಕರೆ ಬಂತು. ಹಳದಿ ಬಸ್ಸಿನ ಶಾಲೆಗೆ ಹೋಗುತ್ತಿದ್ದ ಅವರ ಇಬ್ಬರು ಮೊಮ್ಮಗಳಂದಿರು ಆ ವರ್ಷ ಅಲ್ಲಿ ಏನೋ ತಂಟೆಯಾಗಿ ನಮ್ಮ ಶಾಲೆಗೆ ಬಂದಿದ್ದರು. ಅವರ ಹೆಸರು ಕೊಡುತ್ತಾರಂತೆ, ಬಾಕಿ ಶುಲ್ಕವನ್ನೆಲ್ಲ ತಾವೇ ತುಂಬುತ್ತಾರಂತೆ, ಶನಿವಾರ ಮನೆಗೆ ಬರಬೇಕಂತೆ.

"ಹನ್ನೆರಡ ಆತ್ರಿ ಬಾಯಾರ!" ಎಂದು ಹುಡುಗಿ ರಸ್ತೆಯಲ್ಲೇ ಕುಣಿದಳು. ನಾನೂ ನಕ್ಕೆ. ಎಷ್ಟು ದಿನದ ಮೇಲೆ ನಕ್ಕಿದ್ದೆನೋ.

ಶನಿವಾರ ಸಾವಕಾರರ ಪಡಸಾಲೆಯಲ್ಲಿ ಹತ್ತು-ಹದಿನೈದು ಜನ ಕೂತಿದ್ದರು. ಸೋನ್ಯಾಳದ ಕಡೆಯ ಬೀಗರು, ಪಂಚಾಯಿತಿಯ ಇಬ್ಬರು, ಫೋಟೋ ತೆಗೆಯಲು ಒಬ್ಬ. ಸಾವಕಾರರು ಆಗಷ್ಟೇ ಪೂಜೆ ಮುಗಿಸಿ ಬಂದಿದ್ದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. "ಬರ್ರಿ ಬಾಯಾರ, ಕುಂದ್ರಿ," ಎಂದು ಬಾಯಿ ತುಂಬ ಕರೆದರು. ಮನುಷ್ಯ ಕೆಟ್ಟವರಲ್ಲ ಎಂದೇ ನಾನು ಇವತ್ತಿಗೂ ಹೇಳುತ್ತೇನೆ. ಇಸ್ತ್ರಿ ಮಾಡಿದ ಸ್ಕಾರ್ಫ್ ಹಾಕಿಕೊಂಡು ನೆಟ್ಟಗೆ ನಿಂತಿದ್ದ ಹುಡುಗಿಯನ್ನು ನೋಡಿ, "ಇಕಿನ ಲೀಡರ್ ಏನು? ಶಾಬಾಸ್! ಬಾ ಇಲ್ಲೆ, ಫೋಟೋ ತಗಸೋಣು," ಎಂದು ಎದ್ದು ನಿಂತು ಬಲಗೈ ಚಾಚಿದರು.

ಹುಡುಗಿ ಮೂರು ಬೆರಳೆತ್ತಿ ವಂದನೆ ಮಾಡಿದಳು. ಆಮೇಲೆ, ನಾನು ಐದು ವರ್ಷ ಕಲಿಸಿದ್ದಂತೆ, ಎಡಗೈ ಮುಂದೆ ಚಾಚಿದಳು.

ಸಾವಕಾರರ ಕೈ ಅರ್ಧಕ್ಕೇ ನಿಂತಿತು. ಮುಖ ಗಂಟಿಕ್ಕಿ ನನ್ನ ಕಡೆ ತಿರುಗಿದರು. "ಎಡಗೈ? ಹಿರ್ಯಾರಿಗೆ ಎಡಗೈ ಕೊಡೂದ ಕಲಸ್ತೀರೇನ್ರಿ ಸಾಲ್ಯಾಗ?"

ಹುಡುಗಿ ಹೆದರಲಿಲ್ಲ. ಅವಳಿಗೆ ಹೆದರುವ ಕಾರಣವೇ ಇರಲಿಲ್ಲ. ಕೈ ಹಾಗೇ ಚಾಚಿಕೊಂಡು ನನ್ನನ್ನು ನೋಡಿದಳು, ಈಗ ಬಾಯಾರು ಹೇಳುತ್ತಾರೆ ಎಂದು. ಹೇಳುವುದು ನನಗೆ ಬರುತ್ತಿತ್ತು. ಗುರಾಣಿ ಗೊತ್ತಿತ್ತು, ಅಜ್ಜಿಯ ಮಾತು ಗೊತ್ತಿತ್ತು. ಹತ್ತು ನಿಮಿಷದ ಹಿಂದೆ ಈ ಹಿರಿಯರು ಅದೇ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಿದ್ದರು ಎಂಬುದೂ ಗೊತ್ತಿತ್ತು. ನಗುತ್ತಾ ಹೇಳಿದ್ದರೆ ಅವರೂ ನಕ್ಕುಬಿಡುತ್ತಿದ್ದರೋ ಏನೋ. ಆದರೆ ಮೇಜಿನ ಮೇಲೆ ಶುಲ್ಕದ ಹಣದ ಲಕೋಟೆ ಇತ್ತು, ತಿಂಗಳು ಮುಗಿಯಲು ಮೂರು ದಿನ ಇತ್ತು, ನನಗೆ ಭಾಳ ಸುಸ್ತಾಗಿತ್ತು.

"ತಪ್ಪಾತ್ರಿ ಸಾವಕಾರ್ರ," ಎಂದೆ. "ಸಣ್ಣದು, ತಿಳೀಲಿಲ್ಲ ಅದಕ್ಕ." ಹುಡುಗಿಯ ಕಡೆ ತಿರುಗಿ, "ಬಲಗೈ ಕೊಡು. ತಪ್ಪಾತು ಅನ್ನು," ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಎಡಗೈ ಇಳಿಸಿದಳು. "ತಪ್ಪಾತ್ರಿ," ಎಂದು ಬಲಗೈ ಚಾಚಿದಳು. ಅಷ್ಟರಲ್ಲಿ ಪಕ್ಕದಲ್ಲಿದ್ದವರಾರೋ, "ನಿಮ್ಮ ಶೆಡ್ಡಿಗೆ ಆರಸಾಕ ಬರ್ತಾಳಲ್ರಿ, ಅಕಿ ಮಗಳ್ರಿ ಇಕಿ," ಎಂದು ಸಣ್ಣಗೆ ಹೇಳಿದರು. ಸಾವಕಾರರು "ಹೌದೇನು... ಇರಲಿ, ಇರಲಿ," ಎಂದು ಚಾಚಿದ್ದ ಕೈ ಹಿಂದೆ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು. ಹುಡುಗಿಯ ಬಲಗೈ ಗಾಳಿಯಲ್ಲಿ ಹಾಗೇ ಉಳಿಯಿತು. ಫೋಟೋ ತೆಗೆದರು. ಅದರಲ್ಲಿ ಲಕೋಟೆ ಇದೆ, ಸಾವಕಾರರಿದ್ದಾರೆ, ಹಲ್ಲು ಕಿಸಿದ ನಾನಿದ್ದೇನೆ.

ವಾಪಸು ಬರುವಾಗ ಹುಡುಗಿ ಮುಂದೆ ನಡೆಯಲಿಲ್ಲ, ಹಿಂದೆ ಬಂದಳು. ಶಾಲೆಯ ಹತ್ತಿರ ಬಂದ ಮೇಲೆ ಕೇಳಿದಳು.

"ಬಾಯಾರ, ಆ ಗುರಾಣಿದು ಖರೇನೋ, ಸುಳ್ಳೋ?"

"ಖರೇನ."

"ಮತ್ತ ನನಗ ತಿಳೀಲಿಲ್ಲ ಅಂತ ಯಾಕ ಹೇಳಿದ್ರಿ? ನನಗ ತಿಳಿದಿತ್ತಲ್ರಿ."

ನನಗೆ ಸಿಟ್ಟು ಬಂತು. ತಪ್ಪು ನನ್ನದಿದ್ದಾಗ ಬರುವ ಸಿಟ್ಟು ಬಲು ಜೋರಾಗಿರುತ್ತದೆ. "ದಳ ಉಳೀಬೇಕೋ ಬ್ಯಾಡೋ? ಇಷ್ಟೆಲ್ಲಾ ಯಾರ ಸಲುವಾಗಿ ಮಾಡಾಕತ್ತೀನಿ? ನಿನ್ನ ಪರೀಕ್ಷೆ ಸಲುವಾಗಿ ಅಲ್ಲೇನು?" ಎಂದು ರೇಗಿದೆ. ಅವಳು ಆ ದಿನ ಕೈ ಕೊಡದೆ ಮನೆಗೆ ಹೋದಳು. ಸಾವಕಾರರ ಎದುರು ಹೇಳಬೇಕಾಗಿದ್ದ ಮಾತುಗಳೆಲ್ಲ ಮನೆಗೆ ಹೋಗಿ ಅಕ್ಕಿ ಆರಿಸುತ್ತ ಕೂತಾಗ ಒಂದೊಂದಾಗಿ ನನ್ನ ಬಾಯಿಗೆ ಬಂದವು. ಅಲ್ಲಿ ಕೇಳುವವರು ಯಾರೂ ಇರಲಿಲ್ಲ.

ಪಟ್ಟಿ ಹೋಯಿತು, ಶುಲ್ಕ ಹೋಯಿತು. ನೋಂದಣಿ ಆಯಿತೆಂದು ಪತ್ರವೂ ಬಂತು. ಮುಂದಿನ ಶನಿವಾರ ಹುಡುಗಿ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡೆ, ಆದರೆ ತರಗತಿಗೆ ಸರಿಯಾಗಿಯೇ ಬರುತ್ತಿದ್ದಳು. ಕೊನೆಯ ಬೆಂಚಿನಲ್ಲಿ ಕೂತು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದಳು. ಅದರ ಮುಂದಿನ ಶನಿವಾರವೂ ಬರಲಿಲ್ಲ. ಮೂರನೆಯ ಶನಿವಾರ ನಾನೇ ಅವರ ಮನೆಗೆ ಹೋದೆ.

ತಾಯಿ ಆಗಷ್ಟೇ ಶೆಡ್ಡಿನಿಂದ ಬಂದಿದ್ದಳು. ಬೆರಳೆಲ್ಲ ದ್ರಾಕ್ಷಿಯ ಅಂಟು. ಕೈ ತೊಳೆದು ಬಂದು, ಚಾಪೆ ಹಾಸಿ, "ಕುಂದ್ರಿ ಬಾಯಾರ," ಎಂದಳು. ಎಂದಿನಂತೆ ಮಾತಾಡಿದಳು, ನೀರು ಕೊಟ್ಟಳು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಪರೀಕ್ಷಾದ ಅರ್ಜಿ ತಂದೀನವ್ವಾ," ಎಂದೆ. "ಎಡಗೈದು ಅಲ್ಲೇ ಮುಗೀತು. ಹುಡುಗಿ ಮನಸಿನ್ಯಾಗ ಇಟ್ಕೋಬಾರದು."

ತಾಯಿ ಸೆರಗಿನಿಂದ ಕೈ ಒರೆಸಿಕೊಂಡಳು. "ಒಂದ ಮಾತ ಕೇಳಲೇನ್ರಿ? ಎಡಗೈ ತಪ್ಪಂದ್ರಿ, ಆತು. ನೀವಂದ ಮ್ಯಾಲ ನಮ್ಮಾಕಿ ಬಲಗೈ ಕೊಟ್ಲಲ್ರಿ. ಅದನ್ನ್ಯಾಕ ಹಿಡೀಲಿಲ್ಲ ಅವರು?"

ಶಿವನೇ, ಆ ಪ್ರಶ್ನೆ ನಾನು ಆ ಪಡಸಾಲೆಯಲ್ಲೇ ಕೇಳಬೇಕಾಗಿತ್ತು. ಆ ಕೈ ಜೇಬಿಗೆ ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿಯೂ ಹಲ್ಲು ಕಿಸಿದು ಫೋಟೋಕ್ಕೆ ನಿಂತಿದ್ದೆ.

ಹುಡುಗಿ ಒಳಗಿನಿಂದ ಬಂದಳು. ಕೈಯಲ್ಲಿ ಸ್ಕಾರ್ಫ್, ಒಗೆದು ಇಸ್ತ್ರಿ ಮಾಡಿದ್ದು. ಅದರ ಮೇಲೆ ಬಿಲ್ಲೆಗಳು, ಸೀಟಿ, ನಾನು ಅವಳಿಗೆ ಕೊಟ್ಟಿದ್ದ ಗಂಟಿನ ಹಗ್ಗ. ಎಲ್ಲವನ್ನೂ ಚಾಪೆಯ ಮೇಲೆ ನನ್ನ ಮುಂದೆ ಇಟ್ಟಳು.

"ಪರೀಕ್ಷೆ?" ಎಂದೆ.

"ಬ್ಯಾಡ್ರಿ."

"ತಪ್ಪು ನಂದೈತಿ," ಎಂದೆ. ಇಪ್ಪತ್ತಾರು ವರ್ಷದಲ್ಲಿ ಒಬ್ಬ ವಿದ್ಯಾರ್ಥಿನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಅವಳ ಕಣ್ಣು ತುಂಬಿದವು. ಎದ್ದು ನಿಂತು, ಹೊರಡುವ ಮುಂಚೆ ನಾನು ಎಡಗೈ ಚಾಚಿದೆ. ಅವಳು ಅದನ್ನು ನೋಡಿದಳು. ಆಮೇಲೆ ಎರಡೂ ಕೈ ಜೋಡಿಸಿ, ದೊಡ್ಡವರಿಗೆ ಮಾಡುವ ಹಾಗೆ, ನಮಸ್ಕಾರ ಮಾಡಿದಳು. ಅವಳ ಹಿಂದೆ ಗೋಡೆಯ ಮೇಲೆ ಆ ಮೊಳೆ ಹಾಗೇ ಇತ್ತು.

ಈಗಲೂ ಶನಿವಾರ ಹನ್ನೊಂದಕ್ಕೆ ಬೇವಿನ ಗಿಡದ ಕೆಳಗೆ ನಿಲ್ಲುತ್ತೇನೆ. ಹೊಸ ಹಗ್ಗ ಬಂದಿದೆ, ಧ್ವಜ ಸಲೀಸಾಗಿ ಏರುತ್ತದೆ. ಸಾವಕಾರರ ಮೊಮ್ಮಕ್ಕಳು ಪಾಪ, ಒಳ್ಳೆಯ ಮಕ್ಕಳು, ಸಮಯಕ್ಕೆ ಸರಿಯಾಗಿ ಬರುತ್ತಾರೆ. ಎಡಗೈಯ ಕಥೆ ನಾನು ಈಗ ಹೇಳುವುದಿಲ್ಲ, ಅವರೂ ಕೇಳಿಲ್ಲ. ಮೊದಲು ಎಲ್ಲರೂ ಸೇರಿ ದಳದ ನಿಯಮ ಹೇಳುತ್ತೇವೆ. ಗೈಡ್ ಆದವಳ ಮಾತನ್ನು ಯಾರಾದರೂ ನಂಬಬಹುದು ಎಂಬುದು ಅದರಲ್ಲಿ ಮೊದಲನೆಯದು. ಆಮೇಲೆ ಹಾಜರಿ ಕರೆಯುತ್ತೇನೆ.

ಪಟ್ಟಿಯಲ್ಲಿ ಮೊದಲ ಹೆಸರು ಇನ್ನೂ ಅವಳದೇ. ಅದನ್ನು ಹೊಡೆದುಹಾಕಿದರೆ ಹನ್ನೊಂದಾಗುತ್ತದೆ, ದಳ ಮುಚ್ಚುತ್ತದೆ. ಮೊನ್ನೆ ಆ ಹೆಸರು ಕರೆದು ನಾನು ಎಂದಿನಂತೆ ಸ್ವಲ್ಪ ತಡೆದಾಗ ಸಾವಕಾರರ ಸಣ್ಣ ಮೊಮ್ಮಗಳು ಕೇಳಿದಳು, "ಬಾಯಾರ, ಆ ಅಕ್ಕ ಯಾವಾಗ ಬರ್ತಾಳ್ರಿ?"

"ಬರ್ತಾಳ," ಎಂದೆ. ಆ ಹೆಸರಿನ ಮುಂದೆ ಹಾಜರಿ ಹಾಕಿ ಎರಡನೆಯ ಹೆಸರು ಕರೆದೆ.